ನಾನಿಲ್ಲಿ ತಪ್ಪಿ ಬಂದವಳೇ?

ಬಯಲಾಟದಲ್ಲಿ ರಾಜನ ಸೋಗು ಹಾಕಿದವನಿಗೆ ತಾನು ರಾಜನಲ್ಲವೆಂಬುದು ಗೊತ್ತಿರುತ್ತದೆ. ನೋಡಲು ಕುಳಿತವರಿಗೂ ಗೊತ್ತಿರುತ್ತದೆ. ಬೆಳಗಾದರೆ ಕಿರೀಟ, ಭುಜಕೀರ್ತಿ ಕಳಚಿಟ್ಟು ಅವನು ಹೊಲದ ಹಾದಿ ಹಿಡಿಯುತ್ತಾನೆ. ಅದರಲ್ಲಿ ಯಾರಿಗೂ ಮೋಸವಿಲ್ಲ, ಯಾರಿಗೂ ಭಯವಿಲ್ಲ. ಆದರೆ ನಿಜವಾಗಿ ಓದಿ, ನಿಜವಾಗಿ ಪಾಸಾಗಿ, ನೇಮಕಾತಿ ಆದೇಶ ಕೈಯಲ್ಲಿ ಹಿಡಿದು ಕುರ್ಚಿಯಲ್ಲಿ ಕುಳಿತ ಹೆಣ್ಣುಮಗಳೊಬ್ಬಳು ‘ನಾನು ಸೋಗು ಹಾಕಿ ಕುಳಿತಿದ್ದೇನೆ, ಇವತ್ತಲ್ಲ ನಾಳೆ ಇವರಿಗೆಲ್ಲ ಗೊತ್ತಾಗುತ್ತದೆ’ ಎಂದು ಒಳಗೊಳಗೇ ನಡುಗುತ್ತಿದ್ದರೆ ಅದಕ್ಕೆ ಏನೆನ್ನಬೇಕು?

ಶಹಾಪುರ, ಸುರಪುರ, ಯಾದಗಿರಿ ಸುತ್ತಲಿನ ಹಳ್ಳಿಗಳಿಂದ ಇಂದು ಹೆಣ್ಣುಮಕ್ಕಳು ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ, ನರ್ಸಿಂಗ್ ಕಾಲೇಜುಗಳಿಗೆ ಹೋಗುತ್ತಿದ್ದಾರೆ. ಬ್ಯಾಂಕುಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ, ಬೆಂಗಳೂರಿನ ಕಂಪನಿಗಳಲ್ಲಿ ಕೆಲಸಕ್ಕೆ ಸೇರುತ್ತಿದ್ದಾರೆ. ವನದುರ್ಗದಂಥ ಊರಿನಲ್ಲಿ ವಿಜ್ಞಾನ ಕಲಿಸುವ ನನ್ನಂಥವರಿಗೆ ಇದಕ್ಕಿಂತ ಸಂತೋಷದ ಸಂಗತಿ ಬೇರೊಂದಿಲ್ಲ. ಅವರು ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ, ‘ಕೆಲಸ ಹ್ಯಾಂಗ ನಡದದವ್ವಾ?’ ಎಂದು ಕೇಳಿದರೆ ಮೊದಲು ‘ಚಲೋ ಅದರೀ ಸರ’ ಎನ್ನುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಒಳಗಿನ ಮಾತು ಹೊರಗೆ ಬರುತ್ತದೆ: ‘ಅಲ್ಲಿ ಎಲ್ಲಾರೂ ಭಾಳ ಶ್ಯಾಣ್ಯಾ ಅದಾರ್ರೀ. ನಂದು ಏನೋ ಅದೃಷ್ಟ, ಇಲ್ಲಿತನಕ ನಡೀತು. ಯಾವಾಗ ಗೊತ್ತಾಗ್ತದೋ ಅಂತ ಅಂಜಿಕಿ ಬರ್ತದರೀ.’

ಏನು ಗೊತ್ತಾಗಬೇಕು? ಅಂಕಪಟ್ಟಿ ಸುಳ್ಳಲ್ಲ, ಪದವಿ ಸುಳ್ಳಲ್ಲ, ಮಾಡಿದ ಕೆಲಸವೂ ಸುಳ್ಳಲ್ಲ. ಆದರೂ ಆ ಅಂಜಿಕೆ ನಿಜ. ಮನಶ್ಶಾಸ್ತ್ರಜ್ಞರು ಇದಕ್ಕೆ ಒಂದು ಹೆಸರು ಕೊಟ್ಟಿದ್ದಾರೆ. ಜನಬಳಕೆಯಲ್ಲಿ ಅದು ‘ಇಂಪೋಸ್ಟರ್ ಸಿಂಡ್ರೋಮ್’. ಕನ್ನಡದಲ್ಲಿ ‘ಸೋಗಿನ ಅಳುಕು’ ಎಂದು ಕರೆಯೋಣ.

ಹೆಸರು ಬಂದ ಬಗೆ

1978ರಲ್ಲಿ ಅಮೆರಿಕದ ಅಟ್ಲಾಂಟಾದ ಇಬ್ಬರು ಮನಶ್ಶಾಸ್ತ್ರಜ್ಞೆಯರು, ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್, ಒಂದು ಪ್ರಬಂಧ ಪ್ರಕಟಿಸಿದರು. ಅವರು ಮಾತನಾಡಿಸಿದ್ದು 150ಕ್ಕೂ ಹೆಚ್ಚು ಮಹಿಳೆಯರನ್ನು. ಅವರಲ್ಲಿ ಪಿಎಚ್.ಡಿ. ಮಾಡಿದವರಿದ್ದರು, ತಮ್ಮ ವೃತ್ತಿಯಲ್ಲಿ ಗೌರವ ಪಡೆದವರಿದ್ದರು, ತರಗತಿಗೆ ಮೊದಲಿಗರಾದ ವಿದ್ಯಾರ್ಥಿನಿಯರಿದ್ದರು. ಇಷ್ಟೆಲ್ಲ ಇದ್ದರೂ ಅವರು ತಮ್ಮ ಯಶಸ್ಸನ್ನು ತಮ್ಮದೆಂದು ಒಪ್ಪಲು ಸಿದ್ಧರಿರಲಿಲ್ಲ. ಅದೃಷ್ಟ ಚೆನ್ನಾಗಿತ್ತು, ಆಯ್ಕೆ ಮಾಡಿದವರು ತಪ್ಪು ಮಾಡಿದರು, ಪರೀಕ್ಷಕರು ಉದಾರವಾಗಿ ಅಂಕ ಕೊಟ್ಟರು ಎಂದೆಲ್ಲ ಕಾರಣ ಹುಡುಕುತ್ತಿದ್ದರು.

ಇದು ಕೀಳರಿಮೆಯೇ ಅಲ್ಲವೇ ಎಂದು ನೀವು ಕೇಳಬಹುದು. ಹತ್ತಿರದ್ದು, ಆದರೆ ಅದೇ ಅಲ್ಲ. ಕೀಳರಿಮೆ ಇರುವವರು ‘ನನ್ನಿಂದ ಆಗದು’ ಎಂದು ಹಿಂದೆಯೇ ನಿಲ್ಲುತ್ತಾರೆ. ಸೋಗಿನ ಅಳುಕು ಇರುವವರು ಕೆಲಸವನ್ನು ಮಾಡಿ ತೋರಿಸಿರುತ್ತಾರೆ, ಪುರಾವೆಯನ್ನು ಕೈಯಲ್ಲೇ ಹಿಡಿದಿರುತ್ತಾರೆ, ನಂಬಲು ಮಾತ್ರ ಒಲ್ಲರು.

ಇದು ವಿನಯವೂ ಅಲ್ಲ. ‘ನನ್ನದೇನಿದೆ, ಎಲ್ಲ ಹಿರಿಯರ ಆಶೀರ್ವಾದ’ ಎಂದು ನಾಲ್ಕು ಜನರ ಮುಂದೆ ಹೇಳುವುದು ನಮ್ಮ ಸಂಸ್ಕಾರ. ಅದನ್ನು ಬಿಡಬೇಕಾಗಿಲ್ಲ. ಆದರೆ ರಾತ್ರಿ ದೀಪ ಆರಿಸಿ ಮಲಗಿದಾಗಲೂ ‘ಹೌದು, ನನ್ನದೇನೂ ಇಲ್ಲ’ ಎಂದು ಹೆದರಿಕೆಯಾಗುವುದಾದರೆ ಅದು ವಿನಯದ ಗಡಿ ದಾಟಿದೆ ಎಂದರ್ಥ.

ಗುರುತಿಸುವುದು ಹೇಗೆ?

ಯಾರಾದರೂ ಮೆಚ್ಚಿ ಮಾತನಾಡಿದರೆ ‘ಪೇಪರ್ ಸುಲಭ ಇತ್ತು’ ಎಂದು ಥಟ್ಟನೆ ಉತ್ತರ ಬರುತ್ತದೆ. ಒಂದು ತಪ್ಪು ತಿಂಗಳುಗಟ್ಟಲೆ ಕೊರೆಯುತ್ತದೆ, ಹತ್ತು ಸರಿಗಳು ಅದೇ ದಿನ ಮರೆತುಹೋಗುತ್ತವೆ. ಸಭೆಯಲ್ಲಿ ಪ್ರಶ್ನೆ ಕೇಳಲು ನಾಲಿಗೆ ಏಳುವುದಿಲ್ಲ. ಕೇಳಿದರೆ ತನ್ನ ಅಜ್ಞಾನ ಬಯಲಾಗುತ್ತದೆಂಬ ಭಯ. ಬಡ್ತಿಗೆ ಅರ್ಜಿ ಹಾಕಲು ‘ಇನ್ನೂ ಸ್ವಲ್ಪ ಕಲಿತ ಮೇಲೆ ನೋಡೋಣ’ ಎಂದು ವರ್ಷ ಮುಂದೂಡುತ್ತಾರೆ.

ಕ್ಲಾನ್ಸ್ ಅವರು 1985ರ ತಮ್ಮ ಪುಸ್ತಕದಲ್ಲಿ ಇದೊಂದು ಚಕ್ರ ಎಂದು ವಿವರಿಸಿದರು. ಹೊಸ ಕೆಲಸವೊಂದು ಬಂದೊಡನೆ ಭಯ ಹುಟ್ಟುತ್ತದೆ. ಭಯದಿಂದ ಕೆಲವರು ಹಗಲು ರಾತ್ರಿ ದುಡಿಯುತ್ತಾರೆ. ಕೆಲವರು ಕೊನೆಯ ಗಳಿಗೆಯವರೆಗೆ ಮುಟ್ಟದೇ ಬಿಟ್ಟು ಆಮೇಲೆ ಹೇಗೋ ಮುಗಿಸುತ್ತಾರೆ. ಕೆಲಸ ಚೆನ್ನಾಗಿ ಆಗುತ್ತದೆ. ಆಗ ಮೊದಲಿನವರು ‘ಇಷ್ಟು ಗೇಯ್ದರೆ ಯಾರಾದರೂ ಮಾಡಿಯಾರು, ಇದರಲ್ಲಿ ನನ್ನ ಬುದ್ಧಿಯೇನಿದೆ’ ಎನ್ನುತ್ತಾರೆ. ಎರಡನೆಯವರು ‘ಅದೃಷ್ಟ, ಈ ಸಲ ಬಚಾವಾದೆ’ ಎನ್ನುತ್ತಾರೆ. ಯಶಸ್ಸಿನಿಂದ ಧೈರ್ಯ ಬರಬೇಕಿತ್ತು. ಅದು ಬರುವುದೇ ಇಲ್ಲ. ಮುಂದಿನ ಕೆಲಸಕ್ಕೆ ಮತ್ತೆ ಅದೇ ಭಯ. ಗಾಣದ ಎತ್ತು ಎಷ್ಟು ನಡೆದರೂ ಊರು ಸೇರುವುದಿಲ್ಲವಲ್ಲ, ಹಾಗೆ.

ಇದು ಹೆಂಗಸರಿಗೆ ಮಾತ್ರ ಅಂಟಿದ್ದೇ? ಅಲ್ಲ. 2020ರಲ್ಲಿ 62 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದ ವರದಿಯೊಂದು ಗಂಡಸರಲ್ಲೂ ಈ ಅಳುಕು ಇದೆಯೆಂದು ತೋರಿಸಿತು. ಗಂಡು-ಹೆಣ್ಣನ್ನು ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಮಾತ್ರ ಹೆಂಗಸರಲ್ಲಿ ಹೆಚ್ಚು ಕಂಡುಬಂತು. ವೈದ್ಯರ ರೋಗಪಟ್ಟಿಯಲ್ಲೂ ಇದು ಸೇರಿಲ್ಲ. ಆದ್ದರಿಂದ ‘ನನಗೇನೋ ಕಾಯಿಲೆ’ ಎಂದು ಯಾರೂ ಹೆದರಬೇಕಾಗಿಲ್ಲ.

ಪಲ್ಸಾರ್ ಕಂಡ ಹುಡುಗಿ

ವಿಜ್ಞಾನ ವಿದ್ಯಾರ್ಥಿಗಳು ಅಗತ್ಯವಾಗಿ ತಿಳಿಯಬೇಕಾದ ಒಂದು ಉದಾಹರಣೆ ಖಗೋಳ ವಿಜ್ಞಾನಿ ಜೋಸೆಲಿನ್ ಬೆಲ್ ಬರ್ನೆಲ್ ಅವರದು. ಅವರು ಹುಟ್ಟಿದ್ದು 1943ರಲ್ಲಿ, ಉತ್ತರ ಐರ್ಲೆಂಡಿನಲ್ಲಿ. ಅವರ ಊರಿನ ಶಾಲೆಯಲ್ಲಿ ಗಂಡುಮಕ್ಕಳನ್ನು ವಿಜ್ಞಾನದ ಲ್ಯಾಬಿಗೂ ಹೆಣ್ಣುಮಕ್ಕಳನ್ನು ಅಡುಗೆ ಪಾಠಕ್ಕೂ ಕಳಿಸುತ್ತಿದ್ದರು. ಅವರ ತಂದೆ-ತಾಯಿ ಮತ್ತು ಬೇರೆ ಪಾಲಕರು ಹೋಗಿ ತಕರಾರು ತೆಗೆದ ಮೇಲೆಯೇ ಆಕೆಗೆ ಲ್ಯಾಬಿನ ಬಾಗಿಲು ತೆರೆದದ್ದು. ಹನ್ನೊಂದನೆಯ ವಯಸ್ಸಿನ ಅರ್ಹತಾ ಪರೀಕ್ಷೆಯಲ್ಲಿ ಆಕೆ ಪಾಸಾಗಿರಲೂ ಇಲ್ಲ.

ಅಲ್ಲಿಂದ ಮುಂದೆ ಆಕೆ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಬಂದಾಗ ಸುತ್ತ ಇದ್ದವರ ಆತ್ಮವಿಶ್ವಾಸ ನೋಡಿಯೇ ಗಾಬರಿಯಾಯಿತು. ‘ನನ್ನನ್ನು ತಪ್ಪಿ ಸೇರಿಸಿಕೊಂಡಿದ್ದಾರೆ, ಗೊತ್ತಾದ ದಿನ ಹೊರಗೆ ಹಾಕುತ್ತಾರೆ’ ಎಂದು ತನಗೆ ಅನ್ನಿಸುತ್ತಿತ್ತೆಂದು ಅವರೇ ಮುಂದೆ ಅನೇಕ ಸಲ ಹೇಳಿಕೊಂಡಿದ್ದಾರೆ. ಆದರೆ ಆಕೆ ಓಡಿಹೋಗಲಿಲ್ಲ. ಹೊರಗೆ ಹಾಕುವ ದಿನದವರೆಗೆ ಕೆಲಸವನ್ನಂತೂ ಕೊರತೆಯಿಲ್ಲದಂತೆ ಮಾಡುತ್ತೇನೆ, ಆಗ ಮನಸ್ಸಿಗೆ ಕೊರಗು ಇರುವುದಿಲ್ಲ ಎಂದು ನಿಶ್ಚಯಿಸಿದರು.

ನಾಲ್ಕೂವರೆ ಎಕರೆ ಹೊಲದಲ್ಲಿ ಕಂಬ ನೆಟ್ಟು, ತಂತಿ ಎಳೆದು ಕಟ್ಟಿದ ರೇಡಿಯೋ ದೂರದರ್ಶಕ ಅದು. ಕಟ್ಟುವ ಕೆಲಸದಲ್ಲಿ ಆಕೆಯೂ ಸುತ್ತಿಗೆ ಹಿಡಿದಿದ್ದರು. ಅದರಿಂದ ದಿನಕ್ಕೆ ಸುಮಾರು 30 ಮೀಟರ್ ಉದ್ದದ ಕಾಗದದ ಸುರುಳಿ ಹೊರಬರುತ್ತಿತ್ತು. ಪ್ರತಿ ಅಂಗುಲವನ್ನೂ ಕಣ್ಣಿನಿಂದಲೇ ನೋಡಬೇಕು. 1967ರಲ್ಲಿ ಆ ಗೆರೆಗಳ ನಡುವೆ ಅರ್ಧ ಸೆಂಟಿಮೀಟರಿನಷ್ಟು ಒಂದು ವಿಚಿತ್ರ ಗೀಚು ಕಂಡಿತು. ಬೇರೆಯವರಾದರೆ ಯಂತ್ರದ ದೋಷವೆಂದು ಬಿಟ್ಟುಬಿಡುತ್ತಿದ್ದರೇನೋ. ಆಕೆ ಬಿಡಲಿಲ್ಲ. ಹಿಂದಿನ ಸುರುಳಿ ತೆಗೆದು ನೋಡಿದರು, ವೇಗದ ದಾಖಲೆ ತೆಗೆದರು. ಸುಮಾರು 1.33 ಸೆಕೆಂಡಿಗೊಮ್ಮೆ ತಪ್ಪದೆ ಬರುವ ಮಿಡಿತ ಸಿಕ್ಕಿತು. ಅದೇ ಜಗತ್ತಿಗೆ ತಿಳಿದ ಮೊದಲ ಪಲ್ಸಾರ್, ಅಂದರೆ ಗರಗರನೆ ತಿರುಗುವ ನ್ಯೂಟ್ರಾನ್ ನಕ್ಷತ್ರ.

1974ರ ನೊಬೆಲ್ ಪ್ರಶಸ್ತಿ ಆಕೆಯ ಮಾರ್ಗದರ್ಶಕರಾದ ಆಂಟನಿ ಹ್ಯೂವಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಹೋಯಿತು, ಆಕೆಗೆ ಬರಲಿಲ್ಲ. 2018ರಲ್ಲಿ ಬ್ರೇಕ್‌ಥ್ರೂ ವಿಶೇಷ ಪ್ರಶಸ್ತಿಯ 30 ಲಕ್ಷ ಡಾಲರ್ ಬಂದಾಗ ಇಡೀ ಮೊತ್ತವನ್ನು, ಭೌತಶಾಸ್ತ್ರದಲ್ಲಿ ಸಂಖ್ಯೆ ಕಡಿಮೆಯಿರುವ ವರ್ಗಗಳಿಂದ ಬರುವ ಸಂಶೋಧನಾ ವಿದ್ಯಾರ್ಥಿಗಳ ವೇತನಕ್ಕೆ ಕೊಟ್ಟುಬಿಟ್ಟರು.

ಅಂಜಿದವರೆಲ್ಲ ಪಲ್ಸಾರ್ ಕಾಣುತ್ತಾರೆಂದು ಇದರ ಅರ್ಥವಲ್ಲ. ‘ನಾನಿಲ್ಲಿಗೆ ತಕ್ಕವಳಲ್ಲ’ ಎಂದು ಒಬ್ಬ ವಿಜ್ಞಾನಿಗೆ ಬಲವಾಗಿ ಅನ್ನಿಸುತ್ತಿತ್ತು. ಆಕೆ ತಕ್ಕವಳೆಂಬುದಕ್ಕೆ ಸಾಕ್ಷಿ ಅದೇ ಹೊತ್ತಿನಲ್ಲಿ ಮೇಜಿನ ಮೇಲಿನ ಕಾಗದದಲ್ಲಿತ್ತು. ಅನ್ನಿಸುವುದು ಬೇರೆ, ಇರುವುದು ಬೇರೆ.

ಬಾಗಿಲಲ್ಲೇ ತಡೆದವರು

ಎಲ್ಲ ಅಳುಕೂ ಹೆಣ್ಣಿನ ಮನಸ್ಸಿನಲ್ಲೇ ಹುಟ್ಟುತ್ತದೆಂದು ಹೇಳಿದರೆ ಅನ್ಯಾಯವಾದೀತು. ಅನೇಕ ಸಲ ಅದನ್ನು ಹೊರಗಿನವರು ಬಿತ್ತುತ್ತಾರೆ. ಇದಕ್ಕೆ ದೂರ ಹೋಗಬೇಕಾಗಿಲ್ಲ, ಬೆಂಗಳೂರಿನಲ್ಲೇ ಸಾಕ್ಷಿ ಇದೆ.

1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿ ವಿಶ್ವವಿದ್ಯಾಲಯದಿಂದ ಬಿ.ಎಸ್‌ಸಿ. ಮುಗಿಸಿ, ಅಗ್ರ ಅಂಕಗಳೊಂದಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಕೆಯ ತಂದೆಯೂ ಚಿಕ್ಕಪ್ಪನೂ ಅಲ್ಲಿಯೇ ಓದಿದ ರಸಾಯನಶಾಸ್ತ್ರಜ್ಞರು. ಆಗಿನ ನಿರ್ದೇಶಕರು ನೊಬೆಲ್ ಪ್ರಶಸ್ತಿ ಪಡೆದ ಸರ್ ಸಿ.ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಆಕೆ ಸುಮ್ಮನೆ ಮರಳಲಿಲ್ಲ, ಬೆಂಗಳೂರಿಗೇ ಬಂದು ಕಾರಣ ಕೇಳಿದರು. ಕೊನೆಗೆ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು: ಮೊದಲ ಒಂದು ವರ್ಷ ಪರೀಕ್ಷಾರ್ಥ, ಕೆಲಸ ಮೆಚ್ಚಿಗೆಯಾದರೆ ಮಾತ್ರ ಮಾನ್ಯತೆ. ಇಂಥ ಷರತ್ತಿನ ಕೆಳಗೆ ಒಂದು ವರ್ಷ ಲ್ಯಾಬಿನಲ್ಲಿ ನಿಂತ ಹೆಣ್ಣುಮಗಳ ಮನಸ್ಸು ಹೇಗಿದ್ದೀತೆಂದು ಊಹಿಸಿ.

ಆಕೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. ಕೆಲಸ ಒಪ್ಪಿಗೆಯಾಯಿತು, ಎಂ.ಎಸ್‌ಸಿ. ಪದವಿಯೂ ಬಂತು, ಮುಂದೆ ಬೇರೆ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆಯಿತು. ಆಕೆ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು. ಅವರೇ ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಜೀವರಸಾಯನ ವಿಜ್ಞಾನಿ.

ರಾಮನ್ ಅವರ ವಿಜ್ಞಾನ ದೊಡ್ಡದು, ಅದನ್ನು ನಾವು ಪ್ರತಿ ಫೆಬ್ರುವರಿ 28ರಂದು ಶಾಲೆಯಲ್ಲಿ ಸ್ಮರಿಸುತ್ತೇವೆ. ಆದರೆ ಇಲ್ಲಿ ಕೊರತೆ ಇದ್ದದ್ದು ಅರ್ಜಿ ಹಾಕಿದವಳಲ್ಲಿ ಅಲ್ಲ, ನಿಯಮ ಮಾಡಿದವರಲ್ಲಿ. ಇಂದಿಗೂ ಕಚೇರಿಯಲ್ಲಿ ಹೆಣ್ಣುಮಗಳ ಮಾತನ್ನು ಪ್ರತಿ ಸಲ ನಡುವೆ ತುಂಡರಿಸಿದರೆ, ಆಕೆ ಬರೆದ ವರದಿಗೆ ಬೇರೆಯವರ ಹೆಸರು ಹಾಕಿದರೆ, ಆಗ ಆಕೆಗೆ ‘ಧೈರ್ಯ ತಂದುಕೋ’ ಎಂದು ಬುದ್ಧಿ ಹೇಳಿ ಫಲವಿಲ್ಲ. ತಿದ್ದಿಕೊಳ್ಳಬೇಕಾದದ್ದು ಕಚೇರಿ.

ಅಜ್ಜಿ ಓದಿದ ಮನೆ, ಓದದ ಮನೆ

ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಅವರು 1943ರಲ್ಲಿ ಅದೇ ವಿಜ್ಞಾನ ಸಂಸ್ಥೆಯನ್ನು ಸೇರಿದರು, ಅಮೆರಿಕದ ಮಿಷಿಗನ್‌ನಲ್ಲಿ ಓದಿ ಬಂದು ಅಲ್ಲಿಯೇ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮನೆಯಲ್ಲಿ ಪದವಿ ಪಡೆದ ಅಜ್ಜಿ ಇದ್ದಾಗ ‘ಹೆಣ್ಣುಮಗಳು ಇಷ್ಟು ಓದಬಹುದೇ?’ ಎಂಬ ಪ್ರಶ್ನೆಗೆ ಉತ್ತರ ಪಡಸಾಲೆಯಲ್ಲೇ ಕುಳಿತಿರುತ್ತದೆ.

ನಮ್ಮ ಭಾಗದ ಲೆಕ್ಕ ಬೇರೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ. 41ರ ಆಸುಪಾಸಿನಲ್ಲಿತ್ತು. ರಾಜ್ಯದ ಮಹಿಳಾ ಸಾಕ್ಷರತೆ ಆಗ ಶೇ. 68. ಆ ವರ್ಷ ಒಂದನೆಯ, ಎರಡನೆಯ ತರಗತಿಯಲ್ಲಿದ್ದ ಹುಡುಗಿಯರೇ ಇಂದು ಕಾಲೇಜು ಮುಗಿಸಿ ಕೆಲಸಕ್ಕೆ ಸೇರುತ್ತಿರುವವರು. ಅವರಲ್ಲಿ ಎಷ್ಟೋ ಜನರ ಮನೆಯಲ್ಲಿ ಅಜ್ಜಿ ಇರಲಿ, ಅವ್ವನೂ ಹೆಬ್ಬೆಟ್ಟು. ಆಸ್ಪತ್ರೆಯ ಡ್ಯೂಟಿ ರೂಮಿನಲ್ಲೋ, ಕಂಪನಿಯ ಮೀಟಿಂಗಿನಲ್ಲೋ ಮೊದಲ ದಿನ ಕುಳಿತಾಗ ಅವರಿಗೆ ಪರಕೀಯ ಅನ್ನಿಸಿದರೆ ಅದು ಬುದ್ಧಿಯ ಕೊರತೆಯಿಂದ ಅಲ್ಲ. ಆ ದಾರಿಯಲ್ಲಿ ಮನೆಯವರು ಯಾರೂ ಮೊದಲು ನಡೆದಿಲ್ಲ, ಅಷ್ಟೇ.

ಇದರ ಮೇಲೆ ಇನ್ನೊಂದು ಚುಚ್ಚುಮಾತು: ‘ಓಹೋ, 371-ಜೆ ಸೀಟೇನು?’ ಸಂವಿಧಾನದ 98ನೆಯ ತಿದ್ದುಪಡಿಗೆ 2012ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟು, 2013ರಲ್ಲಿ ಅದು ಜಾರಿಗೆ ಬಂತು. ಅದರಂತೆ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳು ಇಲ್ಲಿಯವರಿಗೆ ಮೀಸಲು. ದಶಕಗಳ ಹಿಂದುಳಿದಿರುವಿಕೆಗೆ ಕೊಟ್ಟ ಪರಿಹಾರ ಅದು, ಭಿಕ್ಷೆಯಲ್ಲ. ಆದರೂ ಆ ಮಾತು ಎದೆಗೆ ನಾಟಿಬಿಡುತ್ತದೆ. ವಿದ್ಯಾರ್ಥಿನಿಯರೇ, ಒಂದು ವಿಷಯ ನೆನಪಿಡಿ. ಮೀಸಲಾತಿ ಬಾಗಿಲು ತೆರೆಯುತ್ತದೆ, ಪರೀಕ್ಷೆ ಬರೆಯುವುದಿಲ್ಲ. ಎಂಬಿಬಿಎಸ್ ಪರೀಕ್ಷೆಯಲ್ಲಿ ಯಾದಗಿರಿಯವರಿಗೆ ಬೇರೆ ಪ್ರಶ್ನೆಪತ್ರಿಕೆ ಇಲ್ಲ, ಪಾಸಾಗಲು ಕಡಿಮೆ ಅಂಕವೂ ಇಲ್ಲ. ಪ್ರತಿ ವರ್ಷ ಪಾಸಾದವರು ನೀವೇ.

ಝೀರೋ ಎರರ್ ಕಳೆಯಿರಿ

ಪಿಯುಸಿ ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಬಂದೊಡನೆ ಮೊದಲು ಮಾಡುವ ಕೆಲಸವೇನು? ದವಡೆಗಳನ್ನು ಕೂಡಿಸಿ, ಎರಡೂ ಸೊನ್ನೆಗಳು ಸರಿಯಾಗಿ ಕೂಡುತ್ತವೆಯೇ ಎಂದು ನೋಡುವುದು. ಕೂಡದಿದ್ದರೆ ಉಪಕರಣದಲ್ಲಿ ಝೀರೋ ಎರರ್ ಇದೆ ಎಂದರ್ಥ. ಅದನ್ನು ಬಿಸಾಡುವುದಿಲ್ಲ. ದೋಷ ಎಷ್ಟೆಂದು ಬರೆದಿಟ್ಟುಕೊಂಡು ಪ್ರತಿ ಅಳತೆಯಲ್ಲೂ ಸರಿಪಡಿಸುತ್ತೇವೆ. ನಿಮ್ಮನ್ನು ನೀವು ಅಳೆಯುವ ಮನಸ್ಸಿಗೂ ಇಂಥದೇ ದೋಷವಿದೆ, ಅದು ಯಾವಾಗಲೂ ಕಡಿಮೆ ತೋರಿಸುತ್ತದೆ. ಹಾಗೆಂದು ತಿಳಿದ ಮೇಲೆ ಸರಿಪಡಿಸಿಕೊಳ್ಳುವುದು ಕಷ್ಟವಲ್ಲ.

ಒಂದು ನೋಟ್‌ಬುಕ್ ಇಡಿ. ಪ್ರಯೋಗದ ರೆಕಾರ್ಡ್ ಬರೆಯುವಂತೆ, ವಾರಕ್ಕೊಮ್ಮೆ ನೀವು ಮಾಡಿದ ಕೆಲಸವನ್ನು ದಿನಾಂಕ ಹಾಕಿ ಬರೆಯಿರಿ. ‘ಚೆನ್ನಾಗಿ ಮಾಡಿದೆ’ ಎಂದು ಬರೆಯಬೇಡಿ. ‘ಇಷ್ಟು ರೋಗಿಗಳನ್ನು ನೋಡಿದೆ, ಈ ಲೆಕ್ಕದ ತಪ್ಪು ಹಿಡಿದೆ’ ಎಂದು ಬರೆಯಿರಿ. ಅಳುಕು ಬಂದ ದಿನ ಮನಸ್ಸನ್ನು ಕೇಳಬೇಡಿ, ಪುಸ್ತಕವನ್ನು ಕೇಳಿ.

ಅದೇ ಅಳತೆಗೋಲನ್ನು ಗೆಳತಿಗೂ ಹಚ್ಚಿ ನೋಡಿ. ನಿಮ್ಮಷ್ಟೇ ಅಂಕ, ನಿಮ್ಮಷ್ಟೇ ಕೆಲಸ ಇರುವ ಗೆಳತಿಗೆ ‘ನಿನ್ನದು ಬರೀ ಅದೃಷ್ಟ’ ಎಂದು ಹೇಳುತ್ತೀರಾ? ಹೇಳುವುದಿಲ್ಲವೆಂದ ಮೇಲೆ ನಿಮಗೂ ಹೇಳಿಕೊಳ್ಳಬೇಡಿ.

ಇಂಗ್ಲಿಷನ್ನೂ ವಿಷಯಜ್ಞಾನವನ್ನೂ ಒಂದೇ ಎಂದು ತಿಳಿಯಬೇಡಿ. ಕನ್ನಡ ಮಾಧ್ಯಮದಿಂದ ಹೋದವರಿಗೆ ಮೊದಲ ವರ್ಷ ಕಷ್ಟವಾಗುವುದು ಭಾಷೆ. ನಿಜವಾದ ಕೊರತೆ ಇದ್ದರೆ ಅದನ್ನು ಪಟ್ಟಿ ಮಾಡಿ, ಒಂದೊಂದಾಗಿ ಕಲಿಯಿರಿ. ಕಲಿಯಬಹುದಾದ ಕೊರತೆಗೆ ‘ನಾನು ತಕ್ಕವಳಲ್ಲ’ ಎಂದು ಹೆಸರಿಡುವುದು ತಪ್ಪು.

ತಿಳಿಯದ್ದನ್ನು ಕೇಳಿ. ಹೊಸಬರು ಮೊದಲ ವಾರ ಕೇಳಿದರೆ ಎಲ್ಲರೂ ಹೇಳಿಕೊಡುತ್ತಾರೆ. ಐದು ವರ್ಷ ಗೊತ್ತಿರುವಂತೆ ನಟಿಸಿ ಆಮೇಲೆ ಕೇಳುವುದೇ ಕಷ್ಟ.

ಬಾಯಿಬಿಟ್ಟು ಹೇಳಿ. ನಂಬಿಕೆಯ ಒಬ್ಬ ಹಿರಿಯ ಸಹೋದ್ಯೋಗಿಗೋ, ಕಲಿಸಿದ ಗುರುಗಳಿಗೋ ಹೇಳಿಕೊಂಡರೆ ಹೆಚ್ಚಾಗಿ ಬರುವ ಉತ್ತರ: ‘ನನಗೂ ಹಾಗೇ ಅನ್ನಿಸುತ್ತಿತ್ತು’. ಆ ಒಂದು ಮಾತಿನಿಂದ ಅರ್ಧ ಭಾರ ಇಳಿಯುತ್ತದೆ. ನಿದ್ದೆ, ಊಟ ಕೆಡುವಷ್ಟು ಆತಂಕವಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಂತಾದರೆ ತಡಮಾಡದೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಖರ್ಚಿಲ್ಲದೆ ಮಾತನಾಡಬಹುದು.

ಪಾಲಕರಿಗೆ ಎರಡು ಮಾತು

ಈ ಅಳುಕು ಬೇರೂರುವ ಎರಡು ಬಗೆಯ ಮನೆಗಳನ್ನು ಕ್ಲಾನ್ಸ್ ಮತ್ತು ಐಮ್ಸ್ ಗುರುತಿಸಿದ್ದರು. ಒಂದು, ‘ಇವನು ಶ್ಯಾಣ್ಯಾ, ಇವಳು ಒಳ್ಳೆಯ ಹುಡುಗಿ’ ಎಂದು ಮಕ್ಕಳಿಗೆ ಚಿಕ್ಕಂದಿನಲ್ಲೇ ಚೀಟಿ ಅಂಟಿಸುವ ಮನೆ. ಅಲ್ಲಿ ಹುಡುಗಿ ಮೊದಲ ರ್‍ಯಾಂಕ್ ತಂದರೂ ಬುದ್ಧಿವಂತಿಕೆ ಅಣ್ಣನದೇ. ಇನ್ನೊಂದು, ‘ನಮ್ಮ ಮಗಳಿಗೆ ಓದದೇ ಎಲ್ಲ ಬರುತ್ತದೆ’ ಎಂದು ಹೊಗಳುವ ಮನೆ. ಅಲ್ಲಿ ಬೆಳೆದ ಹುಡುಗಿ ಕಾಲೇಜಿನಲ್ಲಿ ಮೊದಲ ಸಲ ಕಷ್ಟಪಟ್ಟು ಓದಬೇಕಾಗಿ ಬಂದಾಗ ‘ಹಾಗಾದರೆ ನಾನು ನಿಜವಾಗಿ ಬುದ್ಧಿವಂತಳಲ್ಲ’ ಎಂದುಕೊಳ್ಳುತ್ತಾಳೆ. ಮಗಳನ್ನು ಅಣ್ಣತಮ್ಮಂದಿರೊಡನೆ ತೂಗಬೇಡಿ, ಸುಮ್ಮನೆ ಆಕಾಶಕ್ಕೂ ಏರಿಸಬೇಡಿ. ‘ಆ ಪಾಠ ಕಷ್ಟ ಇತ್ತು, ಮೂರು ಸಲ ಬರೆದು ಕಲಿತಿ, ನೋಡು’ ಎಂದು ಮಾಡಿದ ಕೆಲಸವನ್ನು ಹೆಸರಿಸಿ ಹೇಳಿ. ಕೆಲಸಕ್ಕೆ ಸೇರಿದ ಮಗಳು ಫೋನಿನಲ್ಲಿ ಅಳುಕು ತೋಡಿಕೊಂಡರೆ ‘ಬಿಟ್ಟು ಊರಿಗೆ ಬಾ’ ಎಂದು ಅವಸರಪಡಬೇಡಿ. ‘ಇವತ್ತು ಏನು ಮಾಡಿದಿ ಹೇಳು’ ಎಂದು ಕೇಳಿ. ಹೇಳುತ್ತ ಹೇಳುತ್ತ ಅವಳಿಗೇ ತಾನು ಮಾಡಿದ್ದು ಕಾಣುತ್ತದೆ.

ನಮ್ಮ ಸೀಮೆಯ ತಾಯಂದಿರು ದಿನವಿಡೀ ಬಿಸಿಲಿನಲ್ಲಿ ಹತ್ತಿ ಬಿಡಿಸುತ್ತಾರೆ. ಸಂಜೆ ಗಂಟು ಕಟ್ಟಿ ತೂಕಕ್ಕೆ ಇಡುತ್ತಾರೆ. ಎಷ್ಟು ಕೆ.ಜಿ. ತೂಗಿತೋ ಅಷ್ಟು ಕೂಲಿ. ‘ಅದೃಷ್ಟದಿಂದ ಇಷ್ಟು ಹತ್ತಿ ಬಂತು’ ಎಂದು ಯಾವ ತಾಯಿಯೂ ಹೇಳುವುದಿಲ್ಲ, ತೂಕದಲ್ಲಿ ಅರ್ಧ ಕೆ.ಜಿ. ಕಡಿಮೆ ಬರೆದರೆ ಸುಮ್ಮನಿರುವುದೂ ಇಲ್ಲ. ಓದಿ ಕೆಲಸಕ್ಕೆ ಹೋದ ಹೆಣ್ಣುಮಕ್ಕಳು ಕಲಿಯಬೇಕಾದದ್ದು ಇದನ್ನೇ. ನಿಮ್ಮ ಗಂಟು ನೀವು ಕಟ್ಟಿದ್ದು. ಸರಿಯಾಗಿ ತೂಗಿ, ಬಂದಷ್ಟನ್ನು ನಿಮ್ಮ ಹೆಸರಿಗೇ ಬರೆದುಕೊಳ್ಳಿ.